ಎಷ್ಟ್ ಕೊಡ್ತದೆ ಗಾಡಿ?

ಹೈಬ್ರಿಡ್ ಕಾರು ಲೀಟರಿಗೆ ಇಪ್ಪತ್ತೆಂಟು ಕಿಲೋಮೀಟರ್ ಓಡುತ್ತದೆ ಎನ್ನುತ್ತದೆ ಕಂಪನಿಯ ಕಾಗದ. ಹುಣಸೂರಿನ ಪೇಟೆ ಬೀದಿ, ಪಿರಿಯಾಪಟ್ಟಣದ ಹೆದ್ದಾರಿ, ಕೆ.ಆರ್. ನಗರದ ನಾಲೆ ಏರಿ, ಎಚ್.ಡಿ. ಕೋಟೆಯ ಕಾಡುದಾರಿ ಏನೆನ್ನುತ್ತವೆ? ಮೂರು ಲಕ್ಷ ಹೆಚ್ಚು ಕೊಟ್ಟು ಪೆಟ್ರೋಲ್ ಉಳಿಸಲು ಹೊರಡುವ ಮುನ್ನ ಒಂದು ಲೆಕ್ಕ ಹಾಕಿಬಿಡಿ!

ಆಯುಧಪೂಜೆಯ ಬೆಳಿಗ್ಗೆ. ಹುಣಸೂರಿನ ಪೆಟ್ರೋಲ್ ಬಂಕೊಂದರಲ್ಲಿ ಗಾಡಿಗಳ ಜಾತ್ರೆ. ಬಾಳೆಕಂದು ಕಟ್ಟಿಕೊಂಡ ಟ್ರ್ಯಾಕ್ಟರು, ಮುಖದ ತುಂಬ ವಿಭೂತಿ ಬಳಿದುಕೊಂಡ ಬೊಲೆರೊ, ಚೆಂಡುಹೂವಿನ ಹಾರದಲ್ಲಿ ಹೆಡ್‌ಲೈಟೇ ಕಾಣದ ಟಾಟಾ ಏಸ್. ಅವುಗಳ ನಡುವೆ ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ಬಿಚ್ಚದ ಒಂದು ಹೊಸ ಕಾರು ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಸದ್ದಿಲ್ಲದೆ ಎಂದರೆ ನಿಜಕ್ಕೂ ಸದ್ದಿಲ್ಲದೆ. ಎಂಜಿನ್ ಆಫ್ ಆಗಿದೆ, ಕಾರು ಮಾತ್ರ ಚಲಿಸುತ್ತಿದೆ.

ಪೈಪು ಹಿಡಿದ ಹುಡುಗನಿಂದ ಹಿಡಿದು ಪಂಚೆ ಎತ್ತಿ ಕಟ್ಟಿದ ಹಿರಿಯರವರೆಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಬೆಲೆ ಆಮೇಲೆ, ಬಣ್ಣ ಆಮೇಲೆ.

‘ಎಷ್ಟ್ ಕೊಡ್ತದೆ ಗಾಡಿ?’

‘ಇಪ್ಪತ್ತೆಂಟು ದೊಡ್ಡಪ್ಪ. ಹೈಬ್ರಿಡ್ಡು.’

‘ನನ್ನ ಹಳೇ ಡೀಸೆಲ್ ಡಿಸೈರ್‌ಗೂ ಇಪ್ಪತ್ತೆಂಟೇ ಅಂದಿದ್ರು ಕಣಪ್ಪ!’

ದೊಡ್ಡಪ್ಪನ ಮಾತನ್ನು ನಕ್ಕು ಮರೆಯುವಂತಿಲ್ಲ. 2017ರಲ್ಲಿ ಬಂದ ಡೀಸೆಲ್ ಡಿಸೈರ್‌ನ ಅಧಿಕೃತ ಮೈಲೇಜು ಲೀಟರಿಗೆ 28.40 ಕಿ.ಮೀ. ಇಂದು ರಸ್ತೆಯಲ್ಲಿರುವ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್ ಹೈಬ್ರಿಡ್‌ಗಳದ್ದು 27.97. ಕಾಗದದ ಮಟ್ಟಿಗೆ ಹಳೆಯ ಡೀಸೆಲ್ಲೇ ಒಂದು ಕೂದಲೆಳೆ ಮುಂದೆ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದದ್ದೇ ತಡ, ಮಾರುತಿ ಡೀಸೆಲ್ ಕಾರುಗಳ ಬಾಗಿಲನ್ನೇ ಮುಚ್ಚಿತು. ಆ ಖಾಲಿ ಜಾಗಕ್ಕೆ ಈಗ ಹೈಬ್ರಿಡ್ ಬಂದು ಕೂತಿದೆ. ಮೈಸೂರು ಜಿಲ್ಲೆಯ ಪಶ್ಚಿಮದ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಸ ಕಾರು ಕೊಳ್ಳಲು ಹೊರಟವರ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ನಡೆಯುವ ವಾದ ಇದೇ: ಹೈಬ್ರಿಡ್ಡೋ, ಸಾದಾ ಪೆಟ್ರೋಲ್ಲೋ?

ವಾದಕ್ಕೆ ಕಾವು ಏರಿಸಿದ್ದು 2025ರ ದಸರಾ. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಲೇಖಕಿ ಬಾನು ಮುಷ್ತಾಕ್ ದಸರೆಗೆ ಚಾಲನೆ ಕೊಟ್ಟರು. ಅದೇ ದಿನ ಜಿಎಸ್‌ಟಿಯ ಹೊಸ ದರಗಳೂ ಜಾರಿಗೆ ಬಂದವು. ಸಣ್ಣ ಕಾರು ಶೇ 18ಕ್ಕೆ ಇಳಿಯಿತು, ದೊಡ್ಡ ಕಾರು ಶೇ 40ಕ್ಕೆ ನಿಂತಿತು. ಶೋರೂಮ್‌ಗಳಲ್ಲಿ ನೂಕುನುಗ್ಗಲು. ಆ ಸಂಭ್ರಮದಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿತ್ತು. ಅದುವರೆಗೆ ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ಸೂ ಸೇರಿ ಶೇ 50 ತೆರಿಗೆ ಇದ್ದರೆ, ಹೈಬ್ರಿಡ್‌ಗಳ ಮೇಲೆ ಶೇ 43 ಇತ್ತು. ಈಗ ಎರಡೂ ಒಂದೇ ತಕ್ಕಡಿಯಲ್ಲಿ, ಶೇ 40. ಹೈಬ್ರಿಡ್‌ಗಿದ್ದ ಚೂರುಪಾರು ರಿಯಾಯಿತಿಯೂ ಹೋಯಿತು. ಇನ್ನು ಅದು ತನ್ನ ಅನ್ನವನ್ನು ಪೆಟ್ರೋಲ್ ಉಳಿಸಿಯೇ ದುಡಿಯಬೇಕು.

ಎರಡು ಎದೆಯ ಗಾಡಿ

ಹೈಬ್ರಿಡ್ ಎಂದರೆ ಒಂದು ಪೆಟ್ರೋಲ್ ಎಂಜಿನ್, ಒಂದು ವಿದ್ಯುತ್ ಮೋಟಾರು, ನಡುವೆ ಒಂದು ಪುಟ್ಟ ಬ್ಯಾಟರಿ. ಇದಕ್ಕೆ ಪ್ಲಗ್ ಹಾಕುವಂತಿಲ್ಲ, ಹಾಕಬೇಕಾಗಿಯೂ ಇಲ್ಲ. ಬ್ಯಾಟರಿ ತುಂಬುವುದು ಎಂಜಿನ್ನಿನಿಂದ ಮತ್ತು ಬ್ರೇಕಿನಿಂದ.

ಬ್ರೇಕಿನಿಂದ ಎಂಬಲ್ಲೇ ಗುಟ್ಟಿರುವುದು. ಸಾದಾ ಕಾರಿನಲ್ಲಿ ಬ್ರೇಕ್ ತುಳಿದರೆ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ನೀವು ನೂರು ರೂಪಾಯಿ ಕೊಟ್ಟು ಕೊಂಡ ಪೆಟ್ರೋಲು ಬ್ರೇಕ್ ಪ್ಯಾಡನ್ನು ಕಾಯಿಸಲು ಖರ್ಚಾಯಿತು ಅಂತಲೇ ಅರ್ಥ. ಹೈಬ್ರಿಡ್‌ನಲ್ಲಿ ಮೋಟಾರು ಹಿಮ್ಮುಖವಾಗಿ ಜನರೇಟರಿನಂತೆ ತಿರುಗಿ, ಆ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತಿರುಗಿಸುತ್ತದೆ. ಮತ್ತೆ ಹೊರಡುವಾಗ ಅದೇ ವಿದ್ಯುತ್ತು ಕಾರನ್ನು ಎಳೆಯುತ್ತದೆ. ನಿಂತಾಗ, ತೆವಳುವಾಗ ಎಂಜಿನ್ ನಿದ್ದೆ ಮಾಡುತ್ತದೆ. ಸಾದಾ ಕಾರು ಎಸಿ ಹಾಕಿಕೊಂಡು ಸುಮ್ಮನೆ ನಿಂತರೂ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿದಿರುತ್ತದೆ.

ಎರಡನೆಯ ಲಾಭ ಎಂಜಿನ್ನಿನ ಸ್ವಭಾವದ್ದು. ಈ ಕಾರುಗಳಲ್ಲಿರುವುದು ಅಟ್ಕಿನ್ಸನ್ ಬಗೆಯ ಎಂಜಿನ್. ಎಳೆಯುವ ತಾಕತ್ತು ಸ್ವಲ್ಪ ಕಡಿಮೆ, ಉರಿಸಿದ ಪೆಟ್ರೋಲಿನಿಂದ ಕೆಲಸ ತೆಗೆಯುವುದು ಹೆಚ್ಚು. ಆ ಕೊರತೆಯನ್ನು ಮೋಟಾರು ತುಂಬಿಕೊಡುತ್ತದೆ.

ಶೋರೂಮಿಗೆ ಹೋಗುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಬೇಕು. ಹಿಂಬದಿಯಲ್ಲಿ ‘ಹೈಬ್ರಿಡ್’ ಎಂಬ ಅಕ್ಷರ ಇದ್ದ ಮಾತ್ರಕ್ಕೆ ಅದು ಹೈಬ್ರಿಡ್ ಆಗಿಬಿಡುವುದಿಲ್ಲ. ‘ಮೈಲ್ಡ್’ ಎನ್ನುವ ಬಗೆಯಲ್ಲಿ ಮೋಟಾರು ಎಂಜಿನ್ನಿಗೆ ಸಣ್ಣ ಕೈ ನೀಡುತ್ತದೆ ಅಷ್ಟೆ, ತಾನೇ ಕಾರನ್ನು ಎಳೆಯಲಾರದು. ‘ಸ್ಟ್ರಾಂಗ್’ ಬಗೆ ಮಾತ್ರ ಎಂಜಿನ್ ಇಲ್ಲದೆಯೂ ನಾಲ್ಕು ಹೆಜ್ಜೆ ನಡೆಯಬಲ್ಲದು. 2015ರಲ್ಲಿ ಕೇಂದ್ರದ ಫೇಮ್ ಯೋಜನೆ ಬಂದಾಗ ಮೈಲ್ಡ್‌ಗಳಿಗೂ ಸಹಾಯಧನ ಸಿಗುತ್ತಿತ್ತು; 2017ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೆಸರು ಮಾತ್ರ ಪೇಟೆಯಲ್ಲಿ ಉಳಿಯಿತು. ಈ ಲೇಖನದಲ್ಲಿ ಹೈಬ್ರಿಡ್ ಎಂದಲ್ಲೆಲ್ಲ ಸ್ಟ್ರಾಂಗ್ ಎಂದೇ ಓದಿಕೊಳ್ಳಿ.

■ ಬಾಕ್ಸ್: ಕಾಗದ ಹೇಳುವ ಮೈಲೇಜು
(ಲೀಟರಿಗೆ ಕಿ.ಮೀ., ಮಾರುಕಟ್ಟೆಗೆ ಬಂದಾಗ ಕಂಪನಿಗಳು ಪ್ರಕಟಿಸಿದ ಅಂಕಿ)
ಗ್ರ್ಯಾಂಡ್ ವಿಟಾರಾ: ಹೈಬ್ರಿಡ್ 27.97, ಮೈಲ್ಡ್ ಆಟೊಮ್ಯಾಟಿಕ್ 20.58, ಮೈಲ್ಡ್ ಮ್ಯಾನುಯಲ್ 21.11
ಇನ್ನೊವಾ ಹೈಕ್ರಾಸ್: ಹೈಬ್ರಿಡ್ 23.24, ಸಾದಾ ಪೆಟ್ರೋಲ್ 16.13
ಹೋಂಡಾ ಸಿಟಿ: ಹೈಬ್ರಿಡ್ 26.5, ಪೆಟ್ರೋಲ್ ಆಟೊಮ್ಯಾಟಿಕ್ 18.4

ರಸ್ತೆ ಕಾಣದ ಪರೀಕ್ಷೆ

ಈ ಅಂಕಿಗಳು ಹುಟ್ಟುವುದು ರಸ್ತೆಯಲ್ಲಲ್ಲ, ಕೋಣೆಯೊಳಗೆ. ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ಇಪ್ಪತ್ತು ನಿಮಿಷಕ್ಕೆ ಇಪ್ಪತ್ತು ಸೆಕೆಂಡು ಕಡಿಮೆ ಓಡಿಸುತ್ತಾರೆ. ಇದ್ದಲ್ಲೇ ಚಕ್ರ ತಿರುಗುತ್ತದೆ. ಅತಿ ಹೆಚ್ಚಿನ ವೇಗ ಗಂಟೆಗೆ 90 ಕಿ.ಮೀ., ಸರಾಸರಿ ವೇಗ ಮೂವತ್ತು ಚಿಲ್ಲರೆ. ಎಸಿ ಬಂದ್. ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಲ್ಲ, ಹಿಂದಿನ ಸೀಟಿನಲ್ಲಿ ಬೀಗರಿಲ್ಲ.

ಪರೀಕ್ಷೆಯಲ್ಲಿ ಇನ್ನೊಂದು ತಮಾಷೆ ಇದೆ. ಆ ಹೊತ್ತಿನ ಸುಮಾರು ಕಾಲು ಭಾಗ ಕಾರು ನಿಂತೇ ಇರುತ್ತದೆ, ಸಿಗ್ನಲ್‌ನಲ್ಲಿ ನಿಂತಂತೆ. ಹೈಬ್ರಿಡ್‌ಗೆ ಇದಕ್ಕಿಂತ ಸುಗ್ಗಿ ಬೇಡ. ಸಾದಾ ಕಾರು ಸುಮ್ಮನೆ ಉರಿಸುವ ಹೊತ್ತಿನಲ್ಲಿ ಅದರ ಎಂಜಿನ್ ಮಲಗಿರುತ್ತದೆ. ಪ್ರಶ್ನೆಪತ್ರಿಕೆಯೇ ಹೈಬ್ರಿಡ್‌ನ ಕಡೆಗೆ ವಾಲಿದೆ. ಸುಳ್ಳು ಎನ್ನಲಾಗದು, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ಗೆ ಅದು ನಿಜವೇ. ಆದರೆ ಕಂಪಲಾಪುರದ ರೈತ ಬೆಂಗಳೂರಿನ ಸಿಗ್ನಲ್‌ನಲ್ಲಿ ಕೂರುವುದು ವರ್ಷಕ್ಕೆ ಎಷ್ಟು ಸಲ?

ನಾಲ್ಕು ತಾಲ್ಲೂಕು, ನಾಲ್ಕು ದಾರಿ

ಮೈಸೂರಿನಿಂದ ಹೊರಟು ಇಲವಾಲ ದಾಟಿದರೆ ರಾಷ್ಟ್ರೀಯ ಹೆದ್ದಾರಿ 275. ಬಿಳಿಕೆರೆಯಲ್ಲಿ ಒಂದು ಕವಲು ಕೆ.ಆರ್. ನಗರದ ಕಡೆಗೆ ಒಡೆಯುತ್ತದೆ. ನೇರ ಹೋದರೆ ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ. ಈ ದಾರಿಯಲ್ಲಿ ಕಾರು ಎಪ್ಪತ್ತು ಎಂಬತ್ತರ ವೇಗ ಹಿಡಿದು ಒಂದೇ ಸಮನೆ ಓಡಿದರೆ ಹೈಬ್ರಿಡ್‌ನ ಮಾಯೆ ಅರ್ಧ ಕರಗುತ್ತದೆ. ಬ್ರೇಕ್ ತುಳಿಯದ ಮೇಲೆ ಶಕ್ತಿ ಮರಳುವುದೆಲ್ಲಿಂದ? ಎಂಜಿನ್ನೇ ದುಡಿಯಬೇಕು, ಬ್ಯಾಟರಿ, ಮೋಟಾರುಗಳ ಭಾರ ಬೇರೆ. ಇನ್ನು 118 ಕಿ.ಮೀ. ಉದ್ದದ ಬೆಂಗಳೂರು ಹೆದ್ದಾರಿಗೆ ಏರಿ ನೂರಕ್ಕೆ ಕಾಲಿಟ್ಟರೆ ಗಾಳಿಯ ತಡೆಯೇ ದೊಡ್ಡ ಶತ್ರು. ವೇಗ ಎಂಬತ್ತರಿಂದ ನೂರಹತ್ತಕ್ಕೆ ಏರಿದರೆ ಆ ತಡೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಗಾಳಿಗೆ ಹೈಬ್ರಿಡ್ ಗೊತ್ತಿಲ್ಲ, ಪೆಟ್ರೋಲ್ ಗೊತ್ತಿಲ್ಲ.

ಹಾಗಂತ ಪಿರಿಯಾಪಟ್ಟಣದ ದಾರಿಯಲ್ಲಿ ಒಂದೇ ಸಮನೆ ಓಡುವ ಭಾಗ್ಯ ಯಾರಿಗುಂಟು! ಹೊಗೆಸೊಪ್ಪಿನ ಹರಾಜಿನ ದಿನಗಳಲ್ಲಿ ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದ ಮಾರುಕಟ್ಟೆಗಳ ಸುತ್ತ ಬೇಲು ಹೇರಿದ ಟ್ರ್ಯಾಕ್ಟರುಗಳ ಸಾಲು. ಬೈಲುಕುಪ್ಪೆಯಲ್ಲಿ ಸ್ವರ್ಣ ಮಂದಿರ ನೋಡಲು ಬಂದ ಬಸ್ಸುಗಳು. ನಿಂತು, ಹೊರಟು, ಮತ್ತೆ ನಿಂತು. ಅಂಥ ದಿನ ಮೀಟರ್ ನೋಡಿದರೆ ಹೈಬ್ರಿಡ್ ಮಾಲೀಕನ ಮುಖ ಅರಳಿರುತ್ತದೆ.

ಕೆ.ಆರ್. ನಗರದ ಕಥೆ ಬೇರೆ. ಭತ್ತದ ಕಣಜ ಎಂದು ಹೆಸರಾದ ಊರು. ಕಾವೇರಿ ಬಯಲು, ನಾಲೆ ಏರಿಯ ಸಪಾಟು ದಾರಿ. ಇಲ್ಲಿ ಕಾರಿನ ದಿನಚರಿ ಎಂದರೆ ಗದ್ದೆಗೆ ಎರಡು ಮೈಲಿ, ಸೊಸೈಟಿಗೆ ಒಂದು ಮೈಲಿ, ಸಾಲಿಗ್ರಾಮದ ನೆಂಟರ ಮನೆಗೆ ಹೋಗಿ ಸಂಜೆ ವಾಪಸು. ಇಂಥ ಗಿಡ್ಡ ಓಟಗಳು ಎರಡೂ ಬಗೆಯ ಕಾರಿಗೆ ಶಾಪ. ತಣ್ಣಗಿರುವ ಎಂಜಿನ್ ಹೆಚ್ಚು ಕುಡಿಯುತ್ತದೆ. ಹೈಬ್ರಿಡ್ ಕೂಡ ಮೊದಲ ಕೆಲವು ನಿಮಿಷ ಎಂಜಿನ್ನನ್ನು ಕಾಯಿಸಿಕೊಳ್ಳಲು ಓಡಿಸಿಯೇ ಓಡಿಸುತ್ತದೆ. ಎಂಜಿನ್ ಬೆಚ್ಚಗಾಗುವ ಹೊತ್ತಿಗೆ ಗದ್ದೆ ಬಂದಿರುತ್ತದೆ.

ಹೈಬ್ರಿಡ್‌ಗೆ ಹೇಳಿ ಮಾಡಿಸಿದ ದಾರಿ ಇರುವುದು ಎಚ್.ಡಿ. ಕೋಟೆಯಲ್ಲಿ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಅಣೆಕಟ್ಟು ಕಟ್ಟಿಸಿಕೊಂಡ ಸೀಮೆ ಇದು. ಕೋಟೆ ದಾಟಿ ಅಂತರಸಂತೆ, ದಮ್ಮನಕಟ್ಟೆ, ಮುಂದೆ ಬಾವಲಿಯತ್ತ ಹೊರಟರೆ ನಾಗರಹೊಳೆಯ ಕಾಡು. ರಾತ್ರಿ ಆ ದಾರಿ ಬಂದ್. ಹಗಲಿನಲ್ಲಿ ಹಂಪ್ ಮೇಲೆ ಹಂಪ್. ಸಾದಾ ಕಾರಿನವನು ಎರಡನೇ ಗೇರಿಗೆ ಇಳಿದು, ಹಂಪ್ ಹತ್ತಿ, ಮತ್ತೆ ಮೂರಕ್ಕೆ ಏರಿಸುವಷ್ಟರಲ್ಲಿ ಇನ್ನೊಂದು. ಪ್ರತಿ ಹಂಪಿನಲ್ಲೂ ಅವನ ಪೆಟ್ರೋಲು ಬ್ರೇಕಿಗೆ ಸಂದಾಯ. ಹೈಬ್ರಿಡ್‌ನವನು ಅದೇ ಹಂಪಿನಿಂದ ಒಂದಿಷ್ಟು ವಾಪಸು ವಸೂಲಿ ಮಾಡುತ್ತಾನೆ. ಕಾಡಿನ ಹಂಪುಗಳನ್ನು ಆನೆ, ಜಿಂಕೆಗಳಿಗಾಗಿ ಹಾಕಿದ್ದು, ಲಾಭ ಹೈಬ್ರಿಡ್‌ಗೆ.

ಕುಶಾಲನಗರ ದಾಟಿ ಮಡಿಕೇರಿ ಘಟ್ಟ ಹತ್ತಿಳಿಯುವವರೂ ಇಲ್ಲಿ ಬಹಳ. ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತದೆ ಎಂಬ ಖುಷಿಗೂ ಮಿತಿಯಿದೆ. ಗ್ರ್ಯಾಂಡ್ ವಿಟಾರಾದ ಬ್ಯಾಟರಿ ಹಿಡಿಸುವುದು 0.76 ಯೂನಿಟ್ ವಿದ್ಯುತ್ತು. ಹೌದು, ಮನೆಯ ಕರೆಂಟು ಬಿಲ್ಲಿನ ಅದೇ ಯೂನಿಟ್ಟು, ಅದರಲ್ಲಿ ಮುಕ್ಕಾಲು. ಕಡಿದಾದ ಇಳಿಜಾರು ಉದ್ದವಾದರೆ ಅದು ನಡುದಾರಿಯಲ್ಲೇ ತುಂಬಿಹೋಗುತ್ತದೆ. ಆಮೇಲಿನದು ಸಾದಾ ಕಾರಿನಂತೆ ಎಂಜಿನ್ ಹಿಡಿತ ಮತ್ತು ಬ್ರೇಕಿನ ಪಾಲು.

ಬ್ಯಾರನ್ ಕಲಿಸಿದ ಲೆಕ್ಕ

ನಾವು ಮೈಲೇಜು ಕೇಳುವ ಕ್ರಮವೇ ಕೊಂಚ ದಾರಿ ತಪ್ಪಿಸುವಂಥದ್ದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುತ್ತೇವೆ. ಕೇಳಬೇಕಾದದ್ದು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು.

ಈ ಸೀಮೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಬ್ಯಾರನ್ನಿನಲ್ಲಿ ಎಲೆ ಹದಮಾಡುವಾಗ ಯಾರೂ ಒಂದು ಕಿಲೋ ಸೌದೆಗೆ ಎಷ್ಟು ಎಲೆ ಎನ್ನುವುದಿಲ್ಲ. ಒಂದು ಕಿಲೋ ಸೊಪ್ಪಿಗೆ ಎಷ್ಟು ಸೌದೆ ಎನ್ನುತ್ತಾರೆ. ನಾಲ್ಕೈದು ಕಿಲೋ ಸೌದೆ ನುಂಗುವ ಬ್ಯಾರನ್ನಿನ ಸೂರಿಗೆ ಶಾಖ ತಡೆಯುವ ಹೊದಿಕೆ ಹಾಕಿ ಅರ್ಧ ಕಿಲೋ ಉಳಿಸಿದರೆ, ಹಂಗಾಮಿನ ಕೊನೆಗೆ ಎಷ್ಟು ಲೋಡು ಉಳಿಯಿತು ಎಂಬುದು ಅವರಿಗೆ ಬಾಯಿಪಾಠ. ಕಾರಿಗೂ ಅದೇ ಕ್ರಮ ಹಿಡಿದರೆ ಮಂಜು ಸರಿಯುತ್ತದೆ.

ನೋಡಿ: ಹತ್ತು ಕೊಡುವ ಕಾರಿನಿಂದ ಹದಿನೈದು ಕೊಡುವ ಕಾರಿಗೆ ಬದಲಾದರೆ ನೂರು ಕಿಲೋಮೀಟರಿಗೆ 3.3 ಲೀಟರ್ ಉಳಿತಾಯ. ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಹೋದರೆ ಒಂದೇ ಲೀಟರ್. ಎರಡರಲ್ಲೂ ಏರಿದ್ದು ಐದೇ. ಅಂದರೆ ಹೆಚ್ಚು ಕುಡಿಯುವ ದೊಡ್ಡ ಗಾಡಿಯನ್ನು ಹೈಬ್ರಿಡ್ ಮಾಡಿದಾಗ ಸಿಗುವ ಲಾಭ, ಮೊದಲೇ ಮಿತವ್ಯಯಿಯಾದ ಸಣ್ಣ ಕಾರನ್ನು ಮಾಡಿದಾಗ ಸಿಗದು. ಕಾಗದದ ಅಂಕಿಯನ್ನೇ ನಂಬಿದರೂ ಹೈಕ್ರಾಸ್‌ನಲ್ಲಿ ನೂರು ಕಿ.ಮೀ.ಗೆ 1.9 ಲೀಟರ್ ಉಳಿದರೆ, ಗ್ರ್ಯಾಂಡ್ ವಿಟಾರಾ ಆಟೊಮ್ಯಾಟಿಕ್‌ಗೆ ಹೋಲಿಸಿದಾಗ ಉಳಿಯುವುದು 1.3 ಲೀಟರ್.

ಮೂರು ಲಕ್ಷ ಎಂದಿಗೆ ಮರಳೀತು?

ಈಗ ನಿಜವಾದ ಲೆಕ್ಕ. ಒಂದೇ ಮಾದರಿಯ ಸಾದಾ ಕಾರಿಗಿಂತ ಹೈಬ್ರಿಡ್‌ನ ಶೋರೂಮ್ ಬೆಲೆ ಎರಡೂವರೆ ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17, ಇಪ್ಪತ್ತು ದಾಟಿದರೆ ಶೇ 18. ಎರಡೂವರೆ ಲಕ್ಷದ ಮೇಲೆಯೇ ನಲವತ್ತೆರಡು ಸಾವಿರ ಚಿಲ್ಲರೆ ಬೀಳುತ್ತದೆ. ವಿಮೆಯ ಹೆಚ್ಚಳವೂ ಸೇರಿ ಮೂರು ಲಕ್ಷ ಎನ್ನೋಣ. ಉತ್ತರ ಪ್ರದೇಶ 2024ರಲ್ಲಿ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಬಿಟ್ಟುಕೊಟ್ಟಿತು. ಹೈಬ್ರಿಡ್ ತಯಾರಾಗುವುದು ನಮ್ಮ ಬಿಡದಿಯಲ್ಲಿ, ತೆರಿಗೆ ಬಿಟ್ಟದ್ದು ಲಖನೌದಲ್ಲಿ!

ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿಯೋಣ.

ಪಟ್ಟಣದ ನಿಲ್ಲು-ಹೊರಡು ಓಟದಲ್ಲಿ ಹೈಬ್ರಿಡ್ 22 ಕೊಟ್ಟು ಸಾದಾ ಕಾರು 11 ಕೊಟ್ಟರೆ ನೂರು ಕಿಲೋಮೀಟರಿಗೆ 468 ರೂಪಾಯಿ ಉಳಿತಾಯ. ಮೂರು ಲಕ್ಷ ಮರಳಲು 64 ಸಾವಿರ ಕಿ.ಮೀ. ಓಡಿದರೆ ಸಾಕು.

ಪೇಟೆ, ಹಳ್ಳಿ, ಹೆದ್ದಾರಿ ಎಲ್ಲ ಕಲಸಿದ ಓಟದಲ್ಲಿ ಒಂದು 21, ಇನ್ನೊಂದು 15 ಕೊಟ್ಟರೆ ನೂರಕ್ಕೆ 196 ರೂಪಾಯಿ. ಒಂದೂವರೆ ಲಕ್ಷ ಕಿ.ಮೀ. ಬೇಕು.

ಬರೀ ಹೆದ್ದಾರಿಯಲ್ಲಿ 19ಕ್ಕೆ 17 ಎಂದಾದರೆ? ನೂರಕ್ಕೆ 64 ರೂಪಾಯಿ. ನಾಲ್ಕು ಲಕ್ಷದ ಎಪ್ಪತ್ತು ಸಾವಿರ ಕಿ.ಮೀ. ಅಷ್ಟು ಓಡುವ ಹೊತ್ತಿಗೆ ಕಾರು ಗುಜರಿಯಲ್ಲಿರುತ್ತದೆ. ಕೊಂಡ ಮಗನ ಮಗ ಡ್ರೈವಿಂಗ್ ಕಲಿಯುತ್ತಿರುತ್ತಾನೆ.

ಮೈಲೇಜಿನ ಅಂಕಿಗಳನ್ನು ನಾನು ಲೆಕ್ಕಕ್ಕೆಂದು ಇಟ್ಟುಕೊಂಡದ್ದು. ನಿಮ್ಮ ಕಾಲಿನ ತೂಕಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಲೆಕ್ಕದ ದಿಕ್ಕು ಮಾತ್ರ ಬದಲಾಗದು. ವರ್ಷಕ್ಕೆ ಹನ್ನೆರಡು ಸಾವಿರ ಕಿ.ಮೀ. ಓಡಿಸುವ ಕುಟುಂಬಕ್ಕೆ ಕಲಸು ಓಟದಲ್ಲಿ ಮೂರು ಲಕ್ಷ ಮರಳಲು ಹನ್ನೆರಡು ವರ್ಷ ದಾಟುತ್ತದೆ. ಸಾಲದ ಕಂತು ಕಟ್ಟಿ ಕೊಂಡವರು ಬಡ್ಡಿಯನ್ನೂ ಸೇರಿಸಬೇಕು. ನನ್ನ ಮಟ್ಟಿಗೆ, ಹೊಲ-ಮನೆ-ಮದುವೆಗಷ್ಟೇ ಕಾರು ತೆಗೆಯುವ ರೈತ ಕುಟುಂಬ ‘ಪೆಟ್ರೋಲ್ ಉಳಿಯುತ್ತದೆ’ ಎಂಬ ಒಂದೇ ಕಾರಣಕ್ಕೆ ಹೈಬ್ರಿಡ್ ಕೊಳ್ಳುವುದು ಕೈಯಿಂದ ಕಳೆದುಕೊಂಡಂತೆ. ಸದ್ದಿಲ್ಲದ ಓಟ, ಕ್ಲಚ್ ಇಲ್ಲದ ಸುಖ, ಕಡಿಮೆ ಹೊಗೆ ಬೇಕು ಎನ್ನುವವರು ಕೊಳ್ಳಲಿ; ಅದು ಬೇರೆ ಖಾತೆಯ ಖರ್ಚು.

ಅದೇ ಕಾರು ಟ್ಯಾಕ್ಸಿಯಾದರೆ ಮಾತೇ ಬೇರೆ. ಮೈಸೂರಿನಿಂದ ಕಬಿನಿ ದಂಡೆಯ ರೆಸಾರ್ಟುಗಳಿಗೆ ಪ್ರವಾಸಿಗರನ್ನು ಕರೆತರುವ ಹಳದಿ ಬೋರ್ಡಿನ ಗಾಡಿ ವರ್ಷಕ್ಕೆ ಐವತ್ತು ಸಾವಿರ ಕಿ.ಮೀ. ಓಡಿದರೆ, ಮೂರು ವರ್ಷದಲ್ಲಿ ಹೆಚ್ಚಿನ ದುಡ್ಡು ಮರಳಿ ಕೈ ಸೇರುತ್ತದೆ. ಅಲ್ಲಿಂದಾಚೆಗೆ ನೂರು ಕಿಲೋಮೀಟರಿಗೆ ಇನ್ನೂರು ರೂಪಾಯಿ ಜೇಬಿಗೆ.

ಟ್ಯಾಕ್ಸಿಯವರ ಎದುರಾಳಿ ಪೆಟ್ರೋಲ್ ಅಲ್ಲ, ಡೀಸೆಲ್ ಇನ್ನೊವಾ ಕ್ರಿಸ್ಟಾ. 2000ದ ಕ್ವಾಲಿಸ್, 2005ರ ಇನ್ನೊವಾ ಕಾಲದಿಂದ ಈ ದಾರಿಗಳ ದೊರೆ ಡೀಸೆಲ್ಲೇ. ಡೀಸೆಲ್ ಲೀಟರಿಗೆ 91 ರೂಪಾಯಿ ಎಂದು ಹಿಡಿದು, ಕ್ರಿಸ್ಟಾ ಹದಿಮೂರು ಕೊಟ್ಟರೆ ಕಿಲೋಮೀಟರಿಗೆ ಏಳು ರೂಪಾಯಿ. ಹೈಕ್ರಾಸ್ ಹೈಬ್ರಿಡ್ ಹದಿನೇಳು ಕೊಟ್ಟರೆ ಆರು ರೂಪಾಯಿ. ಸಾದಾ ಪೆಟ್ರೋಲ್ ಹೈಕ್ರಾಸ್ ಹನ್ನೊಂದಕ್ಕೆ ನಿಂತರೆ ಒಂಬತ್ತು ದಾಟುತ್ತದೆ. ಡೀಸೆಲ್‌ನ ಕೋಟೆಗೆ ನಿಜವಾಗಿ ಏಣಿ ಹಾಕಿರುವ ಪೆಟ್ರೋಲ್ ಗಾಡಿ ಎಂದರೆ ಹೈಕ್ರಾಸ್ ಹೈಬ್ರಿಡ್ ಒಂದೇ. 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದ್ದು ಆ ಏಣಿಗೆ ಎರಡು ಮೆಟ್ಟಿಲು ಸೇರಿಸಿತು.

■ ಬಾಕ್ಸ್: ವಿಯೆನ್ನಾದಿಂದ ಬಿಡದಿಗೆ
ಎಂಜಿನ್ನಿನಿಂದ ವಿದ್ಯುತ್ ತಯಾರಿಸಿ ಮೋಟಾರಿನಿಂದ ಓಡುವ ಕಾರನ್ನು ಫರ್ಡಿನಾಂಡ್ ಪೋರ್ಷೆ ವಿಯೆನ್ನಾದ ಲೋನರ್ ಕಂಪನಿಯಲ್ಲಿದ್ದಾಗ, 1900ರ ಸುಮಾರಿಗೇ ಕಟ್ಟಿದ್ದರು. ಲಕ್ಷಗಟ್ಟಲೆ ತಯಾರಾಗಿ ಲೋಕಪ್ರಸಿದ್ಧವಾದ ಹೈಬ್ರಿಡ್ ಎಂದರೆ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್. ಅದೇ ವರ್ಷ ಹುಟ್ಟಿದ್ದು ಟೊಯೊಟಾ ಕಿರ್ಲೋಸ್ಕರ್ ಕಂಪನಿ. ಅದರ ಬಿಡದಿ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ, ವರ್ಷದ ಕೊನೆಗೆ ಹೈಕ್ರಾಸ್.

ದೂಳು, ಕಬ್ಬು ಮತ್ತು ಬ್ಯಾಟರಿ

ಇನ್ನು ಸಣ್ಣಪುಟ್ಟ ಸಂಗತಿಗಳು, ಜೇಬಿಗೆ ತಾಕುವಂಥವು.

ಹೈಬ್ರಿಡ್ ಬ್ಯಾಟರಿಗೆ ತಂಪು ಗಾಳಿ ಬೇಕು. ಕಾರಿನೊಳಗಿನ ಗಾಳಿಯನ್ನು ಎಳೆದುಕೊಳ್ಳುವ ಅದರ ಕಿಂಡಿಗೆ ಜಾಲರಿ ಇರುತ್ತದೆ. ನಮ್ಮ ಕೆಂಪು ಮಣ್ಣಿನ ದೂಳು, ಸೊಪ್ಪಿನ ಪುಡಿ, ಮೂಟೆಯ ನಾರು ಅಲ್ಲಿ ತುಂಬಿಕೊಂಡರೆ ಬ್ಯಾಟರಿ ಬಿಸಿಯೇರಿ ಮೈಲೇಜೂ ಕುಗ್ಗುತ್ತದೆ, ಬಾಳಿಕೆಯೂ. ಸರ್ವಿಸ್‌ಗೆ ಬಿಟ್ಟಾಗ ಅದನ್ನು ತೆಗೆದು ತೊಳೆದಿದ್ದಾರೆಯೇ ಎಂದು ಕೇಳಿ ನೋಡಬೇಕು. ಕಿಂಡಿಯ ಮೇಲೆ ಚೀಲ ಇಟ್ಟು ಮುಚ್ಚಬಾರದು. ಬ್ಯಾಟರಿಯ ಭಯ ಮಾತ್ರ ಜನ ಅಂದುಕೊಂಡಷ್ಟಿಲ್ಲ: ಟೊಯೊಟಾ ತನ್ನ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ನಮ್ಮ ಕಡೆ ಅವರೇ ಹೆಚ್ಚು, ಮೊದಲು ನೋಡಬೇಕಾದದ್ದು ಆ ಎಂಟು ವರ್ಷದಲ್ಲಿ ಎಷ್ಟು ಉಳಿದಿದೆ ಎಂಬುದನ್ನು.

ಇನ್ನೊಂದು, ಎಲ್ಲರ ಟ್ಯಾಂಕಿನಲ್ಲೂ ಇರುವ ಎಥೆನಾಲ್. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಅದೇ. ಲೀಟರ್ ಲೀಟರಿಗೆ ಹೋಲಿಸಿದರೆ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಕಾರುಗಳಲ್ಲಿ ಶೇ 6ರಿಂದ 7, ಹೊಸದಾಗಿ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2 ಮೈಲೇಜು ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಹೈಬ್ರಿಡ್‌ಗೂ ಇದರಿಂದ ವಿನಾಯಿತಿ ಇಲ್ಲ. ಚುಂಚನಕಟ್ಟೆ ಸೀಮೆಯ ಕಬ್ಬು ಬೆಳೆಗಾರನಿಗೆ ಎಥೆನಾಲ್ ಎಂದರೆ ಒಂದು ಕೈಯಲ್ಲಿ ಕಬ್ಬಿಗೆ ಬೇಡಿಕೆ, ಇನ್ನೊಂದು ಕೈಯಲ್ಲಿ ಕಾರಿನ ಮೈಲೇಜಿಗೆ ಕತ್ತರಿ. ಯಾವ ಕೈಯನ್ನು ಬೈಯಬೇಕು ಎಂಬುದು ಅವನಿಗೇ ಬಿಟ್ಟದ್ದು.

ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುವ ವಿದ್ಯುತ್ ಕಾರು ಕಿಲೋಮೀಟರ್ ಖರ್ಚಿನಲ್ಲಿ ಹೈಬ್ರಿಡ್, ಸಾದಾ ಪೆಟ್ರೋಲ್ ಎರಡನ್ನೂ ಮೂಲೆಗೆ ತಳ್ಳುತ್ತದೆ, ಅದರ ಜಿಎಸ್‌ಟಿಯೂ ಶೇ 5. ಆದರೆ ಕಾಡಂಚಿನ ಊರುಗಳಲ್ಲಿ ಕರೆಂಟು ಕೈಕೊಡುವ ಹೊತ್ತನ್ನು ಬಲ್ಲವರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಹೈಬ್ರಿಡ್ ಅವರಿಗೊಂದು ನಡುದಾರಿ.

■ ಬಾಕ್ಸ್: ಮೈಲೇಜು ಅಳೆಯುವುದು ಹೀಗೆ
ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಹಲವು ಕಾರುಗಳಲ್ಲಿ ಕೊಂಚ ಉದಾರಿ. ಒಂದೇ ಬಂಕಿಗೆ ಹೋಗಿ, ಪೈಪು ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ ಮುನ್ನೂರು ನಾನೂರು ಕಿ.ಮೀ. ಓಡಿಸಿ ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಎರಡನೇ ಸಲ ಹಿಡಿಸಿದ ಲೀಟರನ್ನು ಓಡಿದ ದೂರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. ನೂರು ರೂಪಾಯಿಗೆ ಹಾಕಿಸಿ ಅಳೆಯುವ ನಮ್ಮ ಹಳೆಯ ಪದ್ಧತಿಯಲ್ಲಿ ಬರುವ ಅಂಕಿಯನ್ನು ಬೀಗರ ಮುಂದೆ ಹೇಳಬಹುದು, ನಂಬಬಾರದು.

ಮೈಲೇಜಿನಲ್ಲಿ ಎಲ್ಲರನ್ನೂ ಸೋಲಿಸುವ ಗಾಡಿ ಯಾವುದು ಎಂದು ಕೇಳಿದರೆ ಉತ್ತರ ಶೋರೂಮಿನಲ್ಲಿಲ್ಲ, ಬಸ್ ನಿಲ್ದಾಣದಲ್ಲಿದೆ. ಲೀಟರಿಗೆ ಐದು ಕಿಲೋಮೀಟರ್ ಓಡುವ ಕೆಂಪು ಬಸ್ಸಿನಲ್ಲಿ ಐವತ್ತು ಜನ ಕೂತರೆ, ತಲೆಗೆ ಲೀಟರಿಗೆ ಇನ್ನೂರೈವತ್ತು ಕಿಲೋಮೀಟರ್ ಆಯಿತು. ಒಬ್ಬರೇ ಕೂತು ಓಡಿಸುವ ಹೈಬ್ರಿಡ್ ಇಪ್ಪತ್ತರ ಆಸುಪಾಸಿನಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಚೀಟಿ ಹಿಡಿದು ಕೋಟೆಯಿಂದ ಮೈಸೂರಿಗೆ ಬರುವ ಹೆಣ್ಣುಮಕ್ಕಳ ಮಟ್ಟಿಗಂತೂ ಆ ಮೈಲೇಜು ಎಣಿಕೆಗೇ ಸಿಗುವುದಿಲ್ಲ.

ಇಷ್ಟೆಲ್ಲ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕಾದ ದಿನವೂ ಬರಲಿದೆ. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯದಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿ, ಜೊತೆಗೇ ಮೈಸೂರು-ಕುಶಾಲನಗರ ನಡುವಿನ 92 ಕಿ.ಮೀ. ಚತುಷ್ಪಥಕ್ಕೆ ಶಂಕುಸ್ಥಾಪನೆ ಮಾಡಿದರು. ಊರುಗಳ ಒಳಗೆ ನುಗ್ಗದೆ ಹಾಯುವ ರಸ್ತೆ ಅದು. ಮುಗಿದ ಮೇಲೆ ಪಿರಿಯಾಪಟ್ಟಣದ ಕಾರು ಹಂಪು, ಹರಾಜು ಮಾರುಕಟ್ಟೆ, ಸಂತೆ ಯಾವುದನ್ನೂ ಕಾಣದೆ ಒಂದೇ ಉಸಿರಿಗೆ ಮೈಸೂರು ಸೇರುತ್ತದೆ. ಆಗ ಹೆದ್ದಾರಿ ಹಿಡಿಯುವ ಹೈಬ್ರಿಡ್‌ನ ಉಳಿತಾಯ ನೂರಕ್ಕೆ 196ರಿಂದ 64ರ ಕಡೆಗೆ ಜಾರುತ್ತದೆ. ಹಂಪುಗಳನ್ನು ಉಳಿಸಿಕೊಳ್ಳುವ ಬಾವಲಿ ದಾರಿಯವರಿಗೆ ಮಾತ್ರ ಲೆಕ್ಕ ಹಾಗೇ ಇರುತ್ತದೆ. ಕಾರು ಬುಕ್ ಮಾಡುವ ಮುನ್ನ, ಮುಂದಿನ ಎಂಟು ವರ್ಷ ನೀವು ಈ ಎರಡರಲ್ಲಿ ಯಾವ ದಾರಿಯಲ್ಲಿ ಹೆಚ್ಚು ಓಡಾಡುತ್ತೀರಿ ಎಂದು ಮನೆಯವರನ್ನು ಒಮ್ಮೆ ಕೇಳಿಬಿಡಿ.